ಸಂಪಾದಕರ ಉತ್ತರ: ವಾಪಸ್ ಬರುವ ಐದು ಪ್ಯಾಕೆಟ್

ತುಮಕೂರಿನ ಶೆಟ್ಟಿಹಳ್ಳಿ ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: ಮೂರು ವರ್ಷದಿಂದ ಮನೆಯಲ್ಲೇ ಇಡ್ಲಿ–ದೋಸೆ ಹಿಟ್ಟು ರುಬ್ಬಿ, 1 ಕೆ.ಜಿ. ಪ್ಯಾಕೆಟ್ ಮಾಡಿ 14 ಅಂಗಡಿಗೆ ಹಾಕುತ್ತಿದ್ದಾರೆ. ದಿನಕ್ಕೆ 40 ಪ್ಯಾಕೆಟ್. ಅಂಗಡಿಗೆ 42 ರೂಪಾಯಿ, ಗಿರಾಕಿಗೆ 50. ದಿನಾ ಐದು ಪ್ಯಾಕೆಟ್ ಉಬ್ಬಿಯೋ ಹುಳಿಯಾಗಿಯೋ ವಾಪಸ್ ಬರುತ್ತವೆ. ಇವತ್ತು ಇಟ್ಟ ಹಿಟ್ಟಿನ ದುಡ್ಡು ಕೈಗೆ ಬರುವುದು 15 ದಿನ ಬಿಟ್ಟು. “ವ್ಯಾಪಾರ ಜೋರಾಗಿದೆ ಅಂತ ಎಲ್ಲರೂ ಅಂತಾರೆ, ತಿಂಗಳ ಕೊನೆಗೆ ನೋಡಿದರೆ ಕೈಯಲ್ಲಿ ಏನೂ ಇರಲ್ಲ. 5 ಲಕ್ಷ ಸಾಲ ತೆಗೆದು ದೊಡ್ಡ ಗ್ರೈಂಡರು, ಒಂದು ಗಾಡಿ ತಗೊಂಡು 80 ಕೆ.ಜಿ. ಮಾಡಿ, ಸಬ್ಸಿಡಿನೂ ಸಿಗುತ್ತೆ ಅಂತ ನನ್ನ ಮೈದುನ ಹೇಳ್ತಿದ್ದಾನೆ. ತೆಗೆಯಲೇ?”

ಈಗ ಬೇಡ. ಯಾಕೆ ಬೇಡ ಎನ್ನುವುದಕ್ಕೆ ನೀವೇ ಕಳಿಸಿದ ಖರ್ಚಿನ ಚೀಟಿಯಲ್ಲಿ ಉತ್ತರವಿದೆ. ಅದನ್ನು ಕೂಡಿಸಿ ನೋಡೋಣ.

40 ಕೆ.ಜಿ. ಹಿಟ್ಟಿಗೆ ನೀವು ಹಾಕುವುದು 13 ಕೆ.ಜಿ. ಇಡ್ಲಿ ಅಕ್ಕಿ, ಮೂರೂಕಾಲು ಕೆ.ಜಿ. ಉದ್ದಿನ ಬೇಳೆ. ನಾಲ್ಕಕ್ಕೆ ಒಂದು, ಸರಿಯಾದ ಅಳತೆಯೇ. ಅಕ್ಕಿ 44ರಂತೆ 572, ಬೇಳೆ 128ರಂತೆ 416, ಮೆಂತ್ಯ ಮತ್ತು ಉಪ್ಪಿಗೆ 12. ಒಟ್ಟು 1,000 ರೂಪಾಯಿ, ಅಂದರೆ ಕೆ.ಜಿ.ಗೆ 25. ಕವರಿಗೆ ಎರಡೂವರೆ, ಕರೆಂಟಿಗೆ 2, ಸ್ಕೂಟರಿನ ಪೆಟ್ರೋಲಿಗೆ 2. ಒಂದು ಪ್ಯಾಕೆಟ್ಟಿನ ಅಸಲು 31.50. ಮಾರುವುದು 42ಕ್ಕೆ. ಹತ್ತೂವರೆ ರೂಪಾಯಿ ಲಾಭ, ನಲವತ್ತಕ್ಕೆ 420. ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಲೆಕ್ಕ ಇದೇ ಇರಬೇಕು.

ಆದರೆ ಅಕ್ಕಿ, ಬೇಳೆ, ಕವರಿಗೆ ನೀವು ದುಡ್ಡು ಕೊಟ್ಟಿರುವುದು 40 ಪ್ಯಾಕೆಟ್ಟಿಗೆ, ದುಡ್ಡು ಬರುವುದು 35ಕ್ಕೆ ಮಾತ್ರ. 35 × 42 = 1,470. ಖರ್ಚು 1,260. ಉಳಿಯುವುದು 210. ಒಂದು ಪ್ಯಾಕೆಟ್ ವಾಪಸ್ ಬಂದರೆ ಹೋಗುವುದು ಹತ್ತೂವರೆ ರೂಪಾಯಿಯ ಲಾಭ ಅಲ್ಲ, ಪೂರ್ತಿ 42. ಅದನ್ನು ತುಂಬಿಕೊಳ್ಳಲು ಇನ್ನು ನಾಲ್ಕು ಪ್ಯಾಕೆಟ್ ಮಾರಬೇಕು. ಬೆಳಿಗ್ಗೆ 5ರಿಂದ 10ರವರೆಗೆ, ಸಂಜೆಯ 3 ತಾಸು ಸೇರಿಸಿದರೆ ನಿಮ್ಮ ದುಡಿಮೆ ದಿನಕ್ಕೆ 8 ಗಂಟೆ. ಗಂಟೆಗೆ 26 ರೂಪಾಯಿ ಬಿತ್ತು. ಕೂಲಿಯೂ ಗಿಟ್ಟುತ್ತಿಲ್ಲ. ಗ್ರೈಂಡರಿನ ಸವೆತ, ರಿಪೇರಿ ಇದರಲ್ಲಿ ಇನ್ನೂ ಸೇರಿಲ್ಲ.

ಈಗ ಮೈದುನನ ಮಾತಿಗೆ ಬನ್ನಿ. 5 ಲಕ್ಷಕ್ಕೆ ನೂರಕ್ಕೆ 11ರ ವಾರ್ಷಿಕ ಬಡ್ಡಿ, 5 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 10,870. ದಿನಕ್ಕೆ 210ರಂತೆ ಈಗ ತಿಂಗಳಿಗೆ ನಿಮಗೆ ಉಳಿಯುತ್ತಿರುವುದು 6,300. 80 ಕೆ.ಜಿ. ಮಾಡಿ, ಅಷ್ಟೂ ಹೋಗಿ, ವಾಪಸ್ ಬರುವುದೂ ಅದೇ ಪ್ರಮಾಣದಲ್ಲಿದ್ದರೆ 12,600. ಕಂತು ಕಟ್ಟಿದ ಮೇಲೆ 1,730. ಎರಡರಷ್ಟು ರುಬ್ಬಿ ಈಗಿನ ಮೂರನೇ ಒಂದು ಪಾಲೂ ಸಿಗುವುದಿಲ್ಲ. ಇದರ ಜೊತೆಗೆ ಇನ್ನೊಂದಿದೆ: 15 ದಿನದ ಬಾಕಿ ಎಂದರೆ ಯಾವಾಗ ನೋಡಿದರೂ ನಿಮ್ಮ 22,050 ರೂಪಾಯಿ ಅಂಗಡಿಗಳಲ್ಲೇ ಇರುತ್ತದೆ. ವ್ಯಾಪಾರ ದುಪ್ಪಟ್ಟಾದರೆ ಅದು 44,100 ಆಗುತ್ತದೆ. ಬ್ಯಾಂಕು ಕೊಡುವ ದುಡ್ಡು ಗ್ರೈಂಡರಿಗೆ, ಗಾಡಿಗೆ. ಹೆಚ್ಚುವರಿ 40 ಪ್ಯಾಕೆಟ್ಟಿಗೆ ದಿನಕ್ಕೆ 1,260ರಂತೆ 15 ದಿನದ ಖರ್ಚು 18,900. ಅದನ್ನು ಎಲ್ಲಿಂದ ತರುತ್ತೀರಿ? ಚೆನ್ನಾಗಿ ಓಡುತ್ತಿದ್ದ ಎಷ್ಟೋ ಸಣ್ಣ ವ್ಯಾಪಾರಗಳು ನಿಂತು ಹೋಗುವುದು ಇಲ್ಲೇ. ಗಿರಾಕಿ ಇಲ್ಲದೆ ಅಲ್ಲ, ನಾಳೆಯ ಅಕ್ಕಿಗೆ ಕೈಯಲ್ಲಿ ಕಾಸಿಲ್ಲದೆ.

ಹಾಗಾದರೆ ಮೊದಲು ಹಿಡಿಯಬೇಕಾದದ್ದು ಆ ಐದು ಪ್ಯಾಕೆಟ್. ಉಬ್ಬುವುದಕ್ಕೆ ಕಾರಣ ಅಂಗಡಿಯಲ್ಲಿಲ್ಲ, ಬಹುಪಾಲು ನಿಮ್ಮ ಅಡುಗೆಮನೆಯಲ್ಲೇ ಇದೆ. ಕಲ್ಲು ತಿರುಗುವ ಬಿಸಿಗೆ ಹಿಟ್ಟು 32 ಡಿಗ್ರಿಯಷ್ಟು ಬೆಚ್ಚಗಾಗಿ ಹೊರಬರುತ್ತದೆ. ಹುಳಿ ಏಳಲು ಅದಕ್ಕಿಂತ ಒಳ್ಳೆಯ ಹದ ಬೇಡ. ಅದನ್ನು ಹಾಗೇ ಕವರಿಗೆ ತುಂಬಿ, ಮನೆಯ ಫ್ರಿಜ್ಜಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಹೊರಗಿನ ಪ್ಯಾಕೆಟ್ ತಣ್ಣಗಾಗುತ್ತದೆ, ನಡುವಿನದು ಆಗುವುದಿಲ್ಲ. ಮೂರು ಗಂಟೆ ಬಿಟ್ಟು ಗುಂಪಿನ ಮಧ್ಯಕ್ಕೆ ಕೈ ತೂರಿಸಿ ಒಂದು ಪ್ಯಾಕೆಟ್ ಎಳೆದು ನೋಡಿ, ಅಂಗೈಗೆ ಇನ್ನೂ ಬೆಚ್ಚಗೆ ತಾಕುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಸಣ್ಣ ಗುಳ್ಳೆಗಳು ಸರಿದಾಡುವುದು ಕಾಣುತ್ತದೆ. ನಾಡಿದ್ದು ಅಂಗಡಿಯಲ್ಲಿ ಉಬ್ಬುವ ಪ್ಯಾಕೆಟ್ ಅದೇ. 40 ಕೆ.ಜಿ. ಬಿಸಿ ಹಿಟ್ಟನ್ನು ಬೇಗ ತಣಿಸುವ ಶಕ್ತಿ ಮನೆಯ ಫ್ರಿಜ್ಜಿಗಿಲ್ಲ.

ಹೀಗೆ ಮಾಡಿ. ಅಕ್ಕಿ ಬೇಳೆ ನೆನೆಯಲು ಇಟ್ಟಾಗ ಪಾತ್ರೆಯನ್ನು ಒಲೆಯ ಪಕ್ಕ ಇಡಬೇಡಿ. ಬೇಸಿಗೆಯಲ್ಲಿ ನಾಲ್ಕು ಗಂಟೆ ಸಾಕು, ರಾತ್ರಿಯಿಡೀ ನೆನೆಸಿದರೆ ನೀರಿನಲ್ಲೇ ಹುಳಿ ಶುರುವಾಗುತ್ತದೆ. ರುಬ್ಬುವಾಗ ಹಾಕುವ ನೀರು ಐಸ್ ನೀರೇ ಆಗಿರಲಿ. ಉದ್ದಿಗೆ ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪ ಚಿಮುಕಿಸಿ. ಅಕ್ಕಿ ಬೇರೆ ರುಬ್ಬಿ, ಕೊನೆಗೆ ಎರಡನ್ನೂ ಕಲಸಿ. ಅಳತೆ ಪಾತ್ರೆಯಲ್ಲಿ ತುಂಬಬೇಡಿ, ತೂಕ ಮಾಡಿ. ಗಾಳಿ ಸೇರಿದ ಹಿಟ್ಟು ಪಾತ್ರೆ ತುಂಬ ಕಂಡರೂ ತೂಕದಲ್ಲಿ ಕಮ್ಮಿ ಬರುತ್ತದೆ. ಸೀಲ್ ಮಾಡಿದ ಪ್ಯಾಕೆಟ್ಟುಗಳನ್ನು ಮೊದಲು ದೊಡ್ಡ ಟಬ್ಬಿನಲ್ಲಿ ಶುದ್ಧ ನೀರು, 10 ಕೆ.ಜಿ. ಐಸ್ ಹಾಕಿ ಅರ್ಧ ಗಂಟೆ ಮುಳುಗಿಸಿಡಿ, ನಡುವೆ ಎರಡು ಸಲ ಮಗುಚಿ. ಆಮೇಲೆ ಒರೆಸಿ, ಒಂದೇ ಪದರದಲ್ಲಿ ಮಲಗಿಸಿ ತಣ್ಣಗಿಡಿ. ಕಡ್ಡಿಯಂಥ ಮೊನೆಯಿರುವ ಥರ್ಮಾಮೀಟರ್ ಒಂದು ಕೊಳ್ಳಿ. ಮಾದರಿಗೆಂದು ಒಂದು ಪ್ಯಾಕೆಟ್ ಬೇರೆ ಇಟ್ಟು, ಅದರ ನಡುವಿಗೆ ಚುಚ್ಚಿ ನೋಡಿದಾಗ 5 ಡಿಗ್ರಿಗೆ ಇಳಿದಿದ್ದರೆ ಮಾತ್ರ ಉಳಿದವು ಮನೆ ಬಿಡಲಿ. ಇವತ್ತು ರುಬ್ಬಿದ್ದು ನಾಳೆ ಬೆಳಿಗ್ಗೆ ಹೋದರೂ ತಪ್ಪಿಲ್ಲ. ಸ್ಕೂಟರಿನಲ್ಲಿ ಒಯ್ಯುವಾಗ ಥರ್ಮಾಕೋಲ್ ಪೆಟ್ಟಿಗೆ ಬೇಕೇ ಬೇಕು.

ಇಷ್ಟು ಮಾಡಿಯೂ ಒಂದೆರಡು ಅಂಗಡಿಯಿಂದ ಪ್ಯಾಕೆಟ್ ವಾಪಸ್ ಬರುತ್ತಲೇ ಇದ್ದರೆ ಆ ಅಂಗಡಿಯಲ್ಲಿ ರಾತ್ರಿ ಫ್ರಿಜ್ ಆಫ್ ಮಾಡುತ್ತಿದ್ದಾರೆ ಎಂದೇ ಲೆಕ್ಕ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಅಲ್ಲಿನ ಹಾಲಿನ ಪ್ಯಾಕೆಟ್ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಅಂಥ ಕಡೆ ಜಗಳ ಬೇಡ, ಸಂಜೆಯೊಳಗೆ ಖರ್ಚಾಗುವಷ್ಟೇ ಇಡಿ.

ವಾರದ ಲೆಕ್ಕವೂ ಮುಖ್ಯ. ಪ್ರತಿ ಅಂಗಡಿಗೆ ಒಂದು ಪುಟ, ಇಟ್ಟದ್ದು, ಹೋದದ್ದು, ವಾಪಸ್ ಬಂದದ್ದು, ಮೂರೇ ಕಾಲಂ. ಶನಿವಾರ ಒಪ್ಪತ್ತು ಮಾಡುವ ಮನೆಗಳಲ್ಲಿ ರಾತ್ರಿ ಅನ್ನದ ಬದಲು ದೋಸೆ ಹುಯ್ಯುತ್ತಾರೆ, ಭಾನುವಾರ ಬೆಳಿಗ್ಗೆ ಎಲ್ಲರ ಮನೆಯಲ್ಲೂ ತಿಂಡಿ ಸಾವಕಾಶ. ಆ ಎರಡು ದಿನಕ್ಕೆ 48 ಬೇಕಾಗಬಹುದು, ಸೋಮವಾರಕ್ಕೆ 30 ಸಾಕಾಗಬಹುದು. ಏಳೂ ದಿನ ನಲವತ್ತೇ ರುಬ್ಬುವುದು ಅಭ್ಯಾಸ, ವ್ಯಾಪಾರ ಅಲ್ಲ. ವಾಪಸ್ ಬರುವುದು ಐದರಿಂದ ಎರಡಕ್ಕೆ ಇಳಿದರೆ ದಿನದ ಉಳಿಕೆ 336. ತಿಂಗಳಿಗೆ 3,780 ಹೆಚ್ಚು, ಐಸಿನ ಖರ್ಚು ಇದರಲ್ಲೇ ಕಳೆಯಬೇಕು.

ಬಾಕಿಯ ವಿಷಯ. ಒಂದು ರೂಪಾಯಿ ಇಳಿಸಿ 41ಕ್ಕೆ ಕೊಟ್ಟು ನಗದು ಕೇಳೋಣ ಎಂದು ಅನ್ನಿಸುತ್ತದೆ. ಬೇಡ. 15 ದಿನದ ವಾಯಿದೆಗೆ 42ರಲ್ಲಿ 1 ಬಿಡುವುದೆಂದರೆ ತಿಂಗಳಿಗೆ ನೂರಕ್ಕೆ ಹತ್ತಿರಹತ್ತಿರ 5 ರೂಪಾಯಿ ಬಡ್ಡಿ, ಮೀಟರ್ ಬಡ್ಡಿಯ ಸಾಲಕ್ಕೆ ಸಮ. ಅದರ ಬದಲು ನಿಮ್ಮ ಕೈಯಲ್ಲೇ ಇರುವ ಹಿಡಿತ ಬಳಸಿ: ವಾರದೊಳಗೆ ಲೆಕ್ಕ ಚುಕ್ತಾ ಮಾಡುವ ಅಂಗಡಿಗೆ ಮಾತ್ರ ಕೆಟ್ಟ ಪ್ಯಾಕೆಟ್ ಬದಲಿಸಿ ಕೊಡುತ್ತೀರಿ, ಉಳಿದವರಿಗಿಲ್ಲ. ಎಲ್ಲ 14 ಅಂಗಡಿಗೂ ಒಂದೇ ದಿನ ಹೇಳಬೇಡಿ. ದಿನಕ್ಕೆ ಎರಡೇ ಪ್ಯಾಕೆಟ್ ತಗೊಂಡು ತಿಂಗಳುಗಟ್ಟಲೆ ಸತಾಯಿಸುವವರಿಂದ ಶುರು ಮಾಡಿ. ಅಂಥವರನ್ನು ಬಿಟ್ಟರೂ ನಷ್ಟವಿಲ್ಲ, ಪೆಟ್ರೋಲ್ ಉಳಿಯುತ್ತದೆ. ಜೊತೆಗೆ ಹತ್ತು ಪ್ಯಾಕೆಟ್ಟನ್ನಾದರೂ ನೇರವಾಗಿ ಮನೆಗಳಿಗೆ 50ರಂತೆ ಕೊಡಿ. ಅಕ್ಕಪಕ್ಕದ ರಸ್ತೆಗಳ ಮನೆಗಳು, ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ರೂಮು ಮಾಡಿಕೊಂಡಿರುವ ಹುಡುಗರು, ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಹೇಳಿದವರಿಗೆ ಮಾತ್ರ. ಹತ್ತಕ್ಕೆ 80 ರೂಪಾಯಿ ಹೆಚ್ಚು, ಅದೂ ಅಂದೇ ಕೈಗೆ, ವಾಪಸ್ ಬರುವ ಮಾತೇ ಇಲ್ಲ.

ಯುಪಿಐನಲ್ಲಿ ದುಡ್ಡು ತಗೊಂಡರೆ ತೆರಿಗೆ ನೋಟಿಸ್ ಬರುತ್ತದಾ ಎಂದೂ ಕೇಳಿದ್ದೀರಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿದಾಗಿನಿಂದ ಈ ಭಯ ಎಲ್ಲರಿಗೂ ಇದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ನಿಮ್ಮದು ಐದೂವರೆ ಲಕ್ಷದ ಒಳಗೆ. ಧೈರ್ಯವಾಗಿ ತಗೊಳ್ಳಿ, ಆದರೆ ಮನೆಯ ದುಡ್ಡು ಓಡಾಡುವ ಖಾತೆಗೆ ಬೇಡ, ಹಿಟ್ಟಿನ ವ್ಯಾಪಾರಕ್ಕೆ ಬೇರೆ ಖಾತೆ ಮಾಡಿ. ಅದರಿಂದ ತಿಂಗಳಿಗೊಮ್ಮೆ ನಿಮ್ಮ ಕೂಲಿ ಎಂದು ಇಂತಿಷ್ಟು ತೆಗೆದುಕೊಳ್ಳಿ. ಮಕ್ಕಳ ಫೀಸಿಗೆ ಗಲ್ಲಾ ಡಬ್ಬಿಗೆ ಕೈ ಹಾಕುವ ಅಭ್ಯಾಸ ಇಂದೇ ನಿಲ್ಲಲಿ.

ಕಾಗದಪತ್ರ: ಪ್ಯಾಕೆಟ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ಮತ್ತು ಬಳಸಬೇಕಾದ ಕೊನೆಯ ದಿನ, ವಿಳಾಸ, ದೂರಿಗೆ ಫೋನ್ ನಂಬರ್ ಇರಬೇಕು. ತಕ್ಕಡಿಗೆ ಮಾಪನ ಇಲಾಖೆಯ ಮುದ್ರೆ ಹಾಕಿಸಿ. ಗ್ರೈಂಡರ್ ಮನೆಯ ಮೀಟರಿನಲ್ಲೇ ಓಡುತ್ತಿದ್ದರೆ ಬೆಸ್ಕಾಂ ದಂಡ ಹಾಕಬಹುದು, ಬೇರೆ ಮೀಟರಿಗೆ ಅರ್ಜಿ ಕೊಡಿ.

ಮೂರು ತಿಂಗಳು ಪುಸ್ತಕ ಬರೆದು, ವಾಪಸ್ ದಿನಕ್ಕೆ ಎರಡರೊಳಗೆ ನಿಂತು, ಬಾಕಿ ಒಂದು ವಾರಕ್ಕೆ ಇಳಿದ ಮೇಲೂ ಹಿಟ್ಟು ಸಾಲದೆ ಗಿರಾಕಿ ಬರಿಗೈಲಿ ಹೋಗುತ್ತಿದ್ದರೆ ಆಗ ಸಾಲದ ಮಾತು. ಆಗಲೂ ಮೊದಲು ಬೇಕಾದದ್ದು ಗಾಡಿಯಲ್ಲ, ತಣಿಸುವ ಪೆಟ್ಟಿಗೆ. ಅದಕ್ಕೆ ಮುದ್ರಾ ಯೋಜನೆಯ ಶಿಶು ಸಾಲ ಸಾಕು, 50,000 ರೂಪಾಯಿವರೆಗೆ ಜಾಮೀನಿಲ್ಲದೆ ಕೊಡುತ್ತಾರೆ. ಮೈದುನ ಹೇಳಿರುವ ಸಬ್ಸಿಡಿ ಸಣ್ಣ ಆಹಾರ ತಯಾರಿಕಾ ಘಟಕಗಳಿಗೆಂದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯದು ಇರಬೇಕು. ಅದರಲ್ಲಿ ಕೇಂದ್ರದ ಯೋಜನೆಯಂತೆ ಸಿಗುವುದು ಘಟಕದ ವೆಚ್ಚದ ಶೇಕಡ 35, ಗರಿಷ್ಠ 10 ಲಕ್ಷ. ಆದರೆ ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲೇ ಇದ್ದು, ಕಂತು ತಪ್ಪದೆ ಮೂರು ವರ್ಷ ನಡೆದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ಅಲ್ಲಿಯವರೆಗೆ ಕಂತು ಕಟ್ಟುವವರು ನೀವೇ. ಅರ್ಜಿ ಹಾಕುವ ಮುಂಚೆ, ಯೋಜನೆಗೆ ಈಗ ಅರ್ಜಿ ತಗೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಮೈದುನನನ್ನೂ ಕರೆದುಕೊಂಡು ಹೋಗಿ, ಅಂಗಡಿ ಲೆಕ್ಕದ ಆ ಪುಸ್ತಕ ಕೈಯಲ್ಲಿರಲಿ.