ಹಿಂಡಿ ರೊಟ್ಟಿ ತಿನ್ನಕೋತ ಮನಸ್ಸು ಎಲ್ಲಿಗೆ ಹೊಂಟಿತು

ಪ್ರಶ್ನೆ: ಅಕ್ಕಾರ, ನಾ ತಾಳಿಕೋಟಿ ಕಡಿಯಾಕಿ. ರೊಟ್ಟಿ ಬಡಿಯೋವಾಗ, ಊಟಕ್ಕ ಕುಂತಾಗ ಮನಸ್ಸು ಒಂದರಿಂದ ಇನ್ನೊಂದಕ್ಕ ಹಾರಕೋತ ಹೊಕ್ಕೈತ್ರಿ. ರೊಟ್ಟಿ ಅಂದ್ರ ಹೊಲ, ಹೊಲ ಅಂದ್ರ ಸಾಲಿ, ಹಿಂಗ. "ಲಕ್ಷ್ಯ ಎಲ್ಲೈತಿ ನಿಂದು" ಅಂತ ಅತ್ತಿ ಅಂತಿರ್ತಾರ. ಇದು ತಪ್ಪೇನ್ರಿ? ಇದನ್ನಿಟ್ಕೊಂಡು ಏನರ ಬರೀಬಹುದಾ?

ಉತ್ತರ: ತಪ್ಪಲ್ಲ ತಂಗಿ, ಬರಿ. ಹಂಚಿನ ಮುಂದ ಇದ್ದಾಗ ಅತ್ತಿ ಮಾತು ಕೇಳು, ಕೈ ಸುಟ್ಟೀತು, ಆದ್ರ ಊಟಕ್ಕ ಕುಂತಾಗ ಮನಸ್ಸನ್ನ ಬಿಟ್ಟುಬಿಡು.

ಮನಸ್ಸು ಹಿಂಗ ಹಾರೂದನ್ನ ಪರೀಕ್ಷೆ ಮಾಡಾಕ 1879ರಾಗ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅನ್ನೋ ವಿಜ್ಞಾನಿ 75 ಶಬ್ದ ಚೀಟಿ ಮ್ಯಾಲೆ ಬರದಿಟ್ಕೊಂಡು ಒಂದೊಂದ ನೋಡಿ ತಕ್ಷಣ ಏನ ಹೊಳೀತೈತಿ ಅದನ್ನ ಬರಕೊಂಡ, ನಾಲ್ಕು ಸಲ ಹಂಗ ಮಾಡಿದ. ನೋಡಿದ್ರ ಬಂದಿದ್ದ ವಿಚಾರನ ಮತ್ತ ಮತ್ತ ಬಂದಿದ್ವು, ಅದ್ರಾಗೂ ನೂರಕ್ಕ 39 ಸಣ್ಣಂದಿನವು, ಹರೇದ ದಿನದವು. ಆಮ್ಯಾಲೆ ಫ್ರಾಯ್ಡ್ ಅನ್ನೋ ಮನಸ್ಸಿನ ಡಾಕ್ಟರ್ ಇದನ್ನ ಚಿಕಿತ್ಸೆಗೆ ತಂದ, ಮನಸ್ಸಿಗೆ ಬಂದಿದ್ದನ್ನ ಸೋಸಬ್ಯಾಡ, ನಾಚಬ್ಯಾಡ, ಹಂಗ ಹೇಳು ಅಂತಿದ್ದ. ನನ್ನ ಕೇಳಿದ್ರ ಬರೇ ಶಬ್ದಕಿಂತ ಊಟ ಛಲೋ, ಯಾಕಂದ್ರ ವಾಸನಿ ಮಿದುಳಿನ್ಯಾಗ ನೆನಪು, ಭಾವನಿ ಇರೋ ಜಾಗಕ್ಕ ಭಾಳ ಹತ್ತಿರದ ದಾರಿಲೆ ಹೊಕ್ಕೈತಿ.

ನಂದ ಹೇಳ್ತೀನಿ ಕೇಳು. ನಿನ್ನೆ ತಾಟಿನಾಗ ಅಗಸಿ ಹಿಂಡಿ (ಚಟ್ನಿಪುಡಿ) ಇತ್ತು, ಮಸರು ಹಾಕಿ ಕಲಸಿದ ಮ್ಯಾಲೆ ಬೆರಳಿಗೆ ಒಂದೀಟ ಜಿಗಟು ಹತ್ತೈತಲ್ಲ, ಅದರಿಂದ ಅಗಸಿ ಎಣ್ಣಿ ನೆನಪಾತು, ಎಣ್ಣಿ ಅಂದ್ರ ನನ್ನ ತಮ್ಮ ಕ್ರಿಕೆಟ್ ಬ್ಯಾಟಿಗೆ ಹಚ್ಚಿ ಪಡಸಾಲ್ಯಾಗ ಒಣಾ ಹಾಕ್ತಿದ್ದ, ಮನಿ ತುಂಬ ಅದ ವಾಸನಿ, ಅಲ್ಲಿಂದ ಬಣ್ಣಕ್ಕ ಹಾರಿತು, ಯುರೋಪಿನ ಚಿತ್ರಗಾರರು ಬಣ್ಣ ಕಲಸಿದ್ದೂ ಇದ ಎಣ್ಣ್ಯಾಗ, ಗಾಳಿಗೆ ಅದು ಗಟ್ಟಿ ಪದರ ಆಕ್ಕೈತಿ, ಚಿತ್ರ ಬರದ ಲಿನನ್ ಅರಿವೀನೂ ಅಗಸಿ ನಾರಿಂದ, ಅರಿವಿ ಅಂದಕೂಡ್ಲೇ ನಮ್ಮವ್ವನ ಇಳಕಲ್ ಸೀರಿ, ಅದರ ಕೆಂಪು ಸೆರಗು. ಅಲ್ಲಿಗೆ ಬಂದು ಮನಸ್ಸು ಮುಂದಕ್ಕ ಹೋಗಲೇ ಇಲ್ಲ. ನಾನೂ ಆ 39ರಾಗ ಬಂದೆ.

ಎಲ್ಲಿ ನಿಂತೈತೋ, ಎಲ್ಲಿ ಒಮ್ಮೆಲೆ ಜಿಗಿದೈತೋ, ಬರಿಯೂದು ಅಲ್ಲೇ ಐತಿ ತಂಗಿ. ರೊಟ್ಟಿಯಿಂದ ಹೊಲ ಯಾರಿಗರ ಬರ್ತೈತಿ, "ಡೋಣಿ ಹರಿದ್ರ ಓಣೆಲ್ಲಾ ಜೋಳ" ಅಂತ ಡೋಣಿ ಹೊಳಿ ಮ್ಯಾಲೆ ಗಾದಿ ಇರೋ ಸೀಮಿ ನಿಮ್ಮದು. ಹೊಲದಿಂದ ಸಾಲಿ ಹೆಂಗ ಬಂತು? ಬದುವಿನ ಮ್ಯಾಲೆ ನಡಕೋತ ಹೋಗ್ತಿದ್ದೇನು? ಸುಗ್ಗ್ಯಾಗ ಸಾಲಿ ಬಿಡಿಸಿದ್ರೇನು? ಅದನ್ನ ಬರಿ, ಬರದು ನನಗೂ ಕಳಸು. ಶ್ಯಾಣ್ಯಾತನ ತೋರ್ಸಾಕ ಅಂತ ನಡುವ ಏನೂ ತುರುಕಬ್ಯಾಡ. ಇನ್ನೊಂದು, ಯಾವುದರಿಂದ ಸುರು ಆದ್ರೂ ದಿನಾ ಒಂದ ಚಿಂತಿಗೆ ಹೋಗಿ ಬೀಳ್ತೈತಿ, ನಿದ್ದಿ ಬರವಲ್ದು ಅಂದ್ರ ಅದು ಬ್ಯಾರೆ ಮಾತು, ಆಗ ಡಾಕ್ಟರ್‌ಗೆ ತೋರ್ಸಬೇಕು.

ಪ್ರಶ್ನೆ: ಮೊಬೈಲ್ ನೋಡ್ಕೋತ ಉಂಡ್ರೂ ಮನಸ್ಸು ಓಡಾಡ್ತೈತಲ್ರಿ, ಅದೂ ಇದೂ ಒಂದೇನಾ? (ಜಮಖಂಡಿ ಓದುಗರು)

ಉತ್ತರ: ಅಲ್ಲ ತಮ್ಮಾ. ರೀಲ್ಸಿನ್ಯಾಗ ಮುಂದಿಂದು ಏನ ಬರಬೇಕು ಅನ್ನೂದು ಮೊಬೈಲ್ ಠರಾಸ್ತೈತಿ, ನಿನಗ ಹೊಳೀಲಿಕ್ಕೆ ಪುರಸೊತ್ತ ಸಿಗೂದಿಲ್ಲ. ಉಂಡು ಕೈ ತೊಳಕೊಂಡ ಮ್ಯಾಲೆ ಅದ ಮೊಬೈಲ್‌ನ್ಯಾಗ ನೆನಪಿದ್ದಷ್ಟು ಟೈಪ್ ಮಾಡ್ಕೊ, ಕಾಗುಣಿತ ನೋಡಕೋತ ಕುಂದರಬ್ಯಾಡ.