ಸಿಎಸ್‌ಎಂಟಿ ಗುಮ್ಮಟದ ಕೆಳಗೆ ಏನಿದೆ?

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಮುಂಬೈ ಸಿಎಸ್‌ಎಂಟಿಯಲ್ಲಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ) ಇಳಿದರೂ ಆ ದೊಡ್ಡ ಗುಮ್ಮಟ ಒಳಗಿನಿಂದ ಕಾಣಲೇ ಇಲ್ಲ, ಬೇರೆ ಬಾಗಿಲಿಂದ ಹೊರಬಿದ್ದೆನೇ ಎಂದು ಕೇಳಿದ್ದೀರಿ. ಯಾವ ಬಾಗಿಲಿಂದ ಬಂದಿದ್ದರೂ ಕಾಣುತ್ತಿರಲಿಲ್ಲ ಬಿಡಿ. ಗುಮ್ಮಟ ಇರುವುದು ಕಚೇರಿಯ ಮೇಲೆ, ಪ್ಲಾಟ್‌ಫಾರ್ಮಿನ ಮೇಲಲ್ಲ.

ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ ಈ ಕಟ್ಟಡದ ಕೆಲಸ 1878ರಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. ಇದು ನಿಲ್ದಾಣವೂ ಹೌದು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯೂ ಆಗಿತ್ತು. ಈಗ ಆ ಜಾಗದಲ್ಲಿ ಮಧ್ಯ ರೈಲ್ವೆಯ ಕಚೇರಿಯಿದೆ. ಗುಮ್ಮಟದ ಕೆಳಗಿರುವುದು ಕಚೇರಿಯ ಭಾರೀ ಮೆಟ್ಟಿಲು. ಸಾಹೇಬರಿಗೆ ಗುಮ್ಮಟ, ನಮಗೆ ಶೆಡ್ಡು!

ಆದರೂ ಪ್ರಯಾಣಿಕರಿಗೆ ಏನೂ ಸಿಕ್ಕಿಲ್ಲ ಅಂತಲ್ಲ. ಲೋಕಲ್ ಟಿಕೆಟ್ ಕೊಡುವ ಹಾಲಿನಲ್ಲಿ ಒಮ್ಮೆ ತಲೆಯೆತ್ತಿ ನೋಡಿ, ಕಮಾನು ಚಾವಣಿಯ ತುಂಬ ನಕ್ಷತ್ರಗಳಿವೆ. ಗೋಡೆ, ಕಂಬಗಳ ಮೇಲಿನ ಪ್ರಾಣಿ, ಹಕ್ಕಿ, ಎಲೆಬಳ್ಳಿಗಳ ಕೆತ್ತನೆಯಲ್ಲಿ ಮುಂಬೈಯ ಕಲಾಶಾಲೆಯ (ಇಂದಿನ ಸರ್ ಜೆ.ಜೆ. ಕಲಾಶಾಲೆ) ವಿದ್ಯಾರ್ಥಿಗಳ ಕೈಯಿದೆ. ನನ್ನ ಮಟ್ಟಿಗೆ ಗುಮ್ಮಟಕ್ಕಿಂತ ಇವೇ ಚೆಂದ.

ಗುಮ್ಮಟದ ತುದಿಯಲ್ಲಿ ಪಂಜು, ಚಕ್ರ ಹಿಡಿದು ನಿಂತ ಹೆಣ್ಣು 'ಪ್ರಗತಿ'ಯ ಪ್ರತಿಮೆ. ಗೇಟಿನ ಕಂಬಗಳ ಮೇಲೆ ಬ್ರಿಟನ್ನಿನ ಸಿಂಹ, ಭಾರತದ ಹುಲಿ. ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂದರೆ ರಸ್ತೆ ದಾಟಿ ಮಹಾನಗರ ಪಾಲಿಕೆ ಕಟ್ಟಡದ ಬದಿಗೆ ಹೋಗಿ. ಅದೂ ಸ್ಟೀವನ್ಸರದೇ.