ಹೊಲಿಗೆ ಬಿಟ್ಟು ಬೇರೇನೂ ಬಾರದು, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನನಗೆ ಸಭೆಯಲ್ಲಿ ಮಾತಾಡಲು ನಾಲಿಗೆ ಏಳುವುದಿಲ್ಲ. ಹಾಡಲೂ ಬಾರದು. ಗೊತ್ತಿರುವುದು ಹೊಲಿಗೆ ಮಾತ್ರ. ಯೇಸುವಿಗೆ ಹೇಗೆ ಸಾಕ್ಷಿಯಾಗಲಿ?
— ಓದುಗ ಸಹೋದರಿ, ಗದಗ

ಉತ್ತರ: ತಂಗಿ, ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ತೆಗೆದು ಯೊಪ್ಪ ಊರಿನ ತಬಿಥಾಳ ಕಥೆ ಓದಿ. ಅದರಲ್ಲಿ ಅವಳ ಒಂದು ಮಾತೂ ಇಲ್ಲ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟ ಅಂಗಿಗಳನ್ನು! ನನಗೆ ಈ ಕಥೆ ತುಂಬಾ ಇಷ್ಟ.

ಹೇಳಿದ ದಿನಕ್ಕೆ ಬಟ್ಟೆ ಕೊಡಿ. ಉಳಿದ ತುಂಡನ್ನೂ ಗಿರಾಕಿಗೇ ಕೊಡಿ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ, ಕಷ್ಟದಲ್ಲಿರುವ ಮನೆಯ ಒಂದು ಮಗುವಿಗೆ ಯೂನಿಫಾರ್ಮ್ ಹೊಲಿದುಕೊಡಿ. ಆದರೆ ಅದರ ಜೇಬಿನಲ್ಲಿ ಯೇಸುವಿನ ಬಗ್ಗೆ ಕರಪತ್ರ ಮಾತ್ರ ಇಡಬೇಡಿ. ಕೊಟ್ಟಿದ್ದಕ್ಕೆ ಬೆಲೆ ಕೇಳಿದ ಹಾಗಾಗುತ್ತದೆ, ಅಲ್ವಾ?

ಅಳತೆ ಕೊಡುವಾಗ ಹೆಂಗಸರು ಮನೆಯ ನೋವು ಹೇಳಿಕೊಳ್ಳುತ್ತಾರೆ. ಅದು ನಿಮ್ಮಲ್ಲೇ ಇರಲಿ, ರಾತ್ರಿ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿ. ಯಾರಾದರೂ 'ನೀವ್ಯಾಕೆ ಹೀಗೆ?' ಎಂದು ಕೇಳಿದರೆ, ಯೇಸು ನಿಮಗೆ ಯಾರು ಎಂದು ಎರಡು ಮಾತಿನಲ್ಲಿ ಹೇಳಿ. ಪೇತ್ರನ ಮೊದಲ ಪತ್ರ 3:15 ಹೇಳುವುದೂ ಅದನ್ನೇ: ಕೇಳಿದವರಿಗೆ ಉತ್ತರ ಕೊಡಿ, ಮೆದುವಾಗಿ ಕೊಡಿ.